ಕೆರೆಗೂ ಉಸಿರು ಕಟ್ಟುತ್ತದೆ

ಜನವರಿ ತಿಂಗಳಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಿಂದ ಬೆಂಗಳೂರಿನ ಮನೆಗಳಿಗೆ ಬರುವ ಚಿತ್ರಗಳಲ್ಲಿ ಒಂದು ಬಗೆಯವು ಇಲ್ಲಿನ ಹಿರಿಯರನ್ನು ದಿಗಿಲುಗೊಳಿಸುತ್ತವೆ. ಕಣ್ಣು ಹಾಯುವಷ್ಟು ದೂರವೂ ಬಿಳಿಯ ಬಯಲು, ಅದರ ನಡುವೆ ಮಗನ ಕಾರು, ಕಾರಿನ ಪಕ್ಕದಲ್ಲಿ ದಪ್ಪ ಕೋಟು ತೊಟ್ಟ ಮೊಮ್ಮಗ. ಜೊತೆಗಿರುವ ಒಕ್ಕಣೆಯನ್ನು ಓದಿದ ಮೇಲಷ್ಟೇ ಅದು ಬಯಲಲ್ಲ, ಕೆರೆ ಎಂದು ತಿಳಿಯುವುದು. ಹಲಸೂರು ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆ ಮುಗಿಸಿ ಬಂದು ಫೋನು ತೆರೆದ ತಾತನಿಗೆ, ನೀರಿನ ಮೇಲೆ ಕಾರು ನಿಲ್ಲಿಸುವುದು ಶುದ್ಧ ಹುಡುಗಾಟವೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ಅಲ್ಲಿನವರಿಗೆ ಅದು ಹುಡುಗಾಟವಲ್ಲ, ಋತುಧರ್ಮ. ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಸರೋವರದ ಹರವು ಐನೂರು ಚದರ ಕಿಲೋಮೀಟರಿಗೂ ಅಧಿಕ. ಸುಮಾರು 50 ಹೆಕ್ಟೇರಿನ ನಮ್ಮ ಹಲಸೂರು ಕೆರೆಯಂತಹ ಸಾವಿರ ಕೆರೆಗಳು ಅದರೊಳಗೆ ಅಡಗಿಯಾವು. ನೀರು ಗಟ್ಟಿಯಾಗಿ ಹೆಪ್ಪುಗಟ್ಟಿತೆಂದರೆ ಅದರ ಮೇಲೆ ಸಾವಿರಾರು ಪುಟ್ಟ ಗೂಡುಮನೆಗಳು ಏಳುತ್ತವೆ. ದಡದ ವಸತಿಗೃಹಗಳವರು ಹಿಮವನ್ನು ಸರಿಸಿ ಕೆರೆಯ ಮೇಲೆಯೇ ರಸ್ತೆ ಮಾಡಿ, ಅದಕ್ಕೆ ಸುಂಕವನ್ನೂ ಎತ್ತುತ್ತಾರೆ. ಗೂಡಿನ ಒಳಗೆ ಕುಳಿತವರು ಬೈರಿಗೆಯಿಂದ ಮಂಜುಗಡ್ಡೆಯಲ್ಲಿ ಒಂದು ಗೇಣಗಲದ ರಂಧ್ರ ಕೊರೆದು, ಒಂದೂವರೆ ಮೊಳದ ಗಿಡ್ಡ ಕೋಲಿನಿಂದ ಗಾಳ ಇಳಿಬಿಡುತ್ತಾರೆ. ಶೀತರಕ್ತದ ಪ್ರಾಣಿಯಾದ ಮೀನು ಆ ಚಳಿಯಲ್ಲಿ ಜಡವಾಗಿರುತ್ತದೆ. ಹೆಚ್ಚು ತಿನ್ನುವುದಿಲ್ಲ, ಅವಸರಪಡುವುದಿಲ್ಲ. ಆದುದರಿಂದ ಈ ಬೇಟೆಗೆ ಬೇಕಾದದ್ದು ಚುರುಕುತನವಲ್ಲ, ತಾಳ್ಮೆ. ಮೀನು ಮುಟ್ಟದ ಮನೆತನಗಳಿಂದ ಹೋದ ನಮ್ಮ ಹುಡುಗರೂ ಸಹೋದ್ಯೋಗಿಗಳೊಡನೆ ಹೋಗಿ ಕೂರುವುದುಂಟು. ತಿಂಗಳುಗಟ್ಟಲೆ ಮನೆಯೊಳಗೇ ಕುಳಿತು ಮಂಕು ಹಿಡಿಯುವುದಕ್ಕಿಂತ ಕೆರೆಯ ಮೇಲೆ ನಡುಗುವುದು ಲೇಸು ಎಂಬ ಲೆಕ್ಕಾಚಾರ ಅದು.

ಗಮನಿಸಬೇಕಾದ ಸಂಗತಿಯೆಂದರೆ, ಆ ಜನ ಕೆರೆಯನ್ನು ನಂಬಿ ಅದರ ಮೇಲೆ ಕಾಲಿಡುವುದಿಲ್ಲ, ಅಳೆದು ಇಡುತ್ತಾರೆ. ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಪ್ರಕಟಿಸುವ ಸೂಚನೆಯಂತೆ ಒಬ್ಬ ಮನುಷ್ಯ ನಡೆದುಹೋಗಲು ಹೊಸದಾದ, ತಿಳಿಯಾದ ಮಂಜುಗಡ್ಡೆ ಕನಿಷ್ಠ 4 ಅಂಗುಲ ದಪ್ಪವಿರಬೇಕು. ಸಣ್ಣ ಕಾರಿಗೆ 9ರಿಂದ 10 ಅಂಗುಲ. ಹಿಮ ಬೆರೆತು ಬೆಳ್ಳಗಾದ ಗಡ್ಡೆಯಾದರೆ ಅದರ ಎರಡರಷ್ಟು. ಒಂದೆಡೆ ಕೊರೆದು ನೋಡಿದರೆ ಸಾಲದು, ಹೋದಷ್ಟು ದೂರವೂ ನೋಡುತ್ತಿರಬೇಕು. ಏಕೆಂದರೆ ಒರತೆಯಿರುವಲ್ಲಿ, ಹೊಳೆ ಬಂದು ಸೇರುವಲ್ಲಿ ಗಡ್ಡೆ ತೆಳುವಾಗಿರುತ್ತದೆ. ವಾಹನ ವೇಗವಾಗಿ ಹೋದರೆ ಗಡ್ಡೆಯ ಅಡಿಯ ನೀರಿನಲ್ಲಿ ಅಲೆ ಎದ್ದು ಅದೇ ಗಡ್ಡೆಯನ್ನು ಒಡೆಯಬಹುದು. ಸೀಟ್ ಬೆಲ್ಟ್ ಕಟ್ಟದವರಿಗೆ ದಂಡ ಹಾಕುವ ದೇಶದಲ್ಲಿ, ಕೆರೆಯ ಮೇಲೆ ಮಾತ್ರ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ ನಿಧಾನವಾಗಿ ಹೋಗಿರೆಂದು ಹೇಳುತ್ತಾರೆ. ಕೊರಳಲ್ಲಿ ಒಂದು ಜೊತೆ ಉಕ್ಕಿನ ಮೊಳೆಗಳು ನೇತಾಡುತ್ತಿರಬೇಕು. ಒಳಗೆ ಬಿದ್ದರೆ ಅವನ್ನು ಗಡ್ಡೆಗೆ ಚುಚ್ಚಿ, ಬಂದ ದಿಕ್ಕಿಗೇ ತೆವಳಿ ಹೊರಬರಬೇಕು.

ಈ ಲೆಕ್ಕಾಚಾರವೂ ಈಗ ಕೈಕೊಡುತ್ತಿದೆ. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಸಪ್ನಾ ಶರ್ಮಾ ಮತ್ತು ಸಂಗಡಿಗರು ಹತ್ತು ದೇಶಗಳಲ್ಲಿ ಚಳಿಗಾಲದಲ್ಲಿ ಮುಳುಗಿ ಸತ್ತ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಬಂಧ ಪ್ರಕಟಿಸಿದರು. ಚಳಿಗಾಲದ ಉಷ್ಣಾಂಶ ಸೊನ್ನೆಯ ಸಮೀಪಕ್ಕೆ ಬಂದಂತೆಲ್ಲ ಸಾವುಗಳು ತೀವ್ರವಾಗಿ ಏರುತ್ತವೆ ಎಂಬುದು ಅವರು ಕಂಡುಕೊಂಡ ಸತ್ಯ. ಜಪಾನಿನ ಸುವಾ ಸರೋವರ ಎಂದು ಹೆಪ್ಪುಗಟ್ಟಿತೆಂಬುದನ್ನು ಅಲ್ಲಿನ ದೇವಾಲಯದ ಅರ್ಚಕರು 1443ರಿಂದಲೂ ಬರೆದಿಡುತ್ತ ಬಂದಿದ್ದಾರೆ. ನಮ್ಮಲ್ಲಿ ವಿಜಯನಗರ ಸಾಮ್ರಾಜ್ಯವಿದ್ದ ಕಾಲದ ಮಾತದು. ಈಚಿನ ವರ್ಷಗಳಲ್ಲಿ ಆ ಕೆರೆ ಪೂರ್ತಿ ಹೆಪ್ಪುಗಟ್ಟದ ಚಳಿಗಾಲಗಳೇ ಹೆಚ್ಚು. ಆದರೂ ಅರ್ಚಕರು ನಸುಕಿನಲ್ಲಿ ಹೋಗಿ ನೋಡುವುದನ್ನು, ಬರೆಯುವುದನ್ನು ಬಿಟ್ಟಿಲ್ಲ.

ಇಷ್ಟಕ್ಕೂ ಆ ಗಡ್ಡೆಯ ಕೆಳಗೆ ಮೀನು ಬದುಕಿರುವುದಾದರೂ ಹೇಗೆ? ನೀರಿನ ಒಂದು ವಿಚಿತ್ರ ಗುಣದಿಂದ. ಬಹುತೇಕ ದ್ರವಗಳು ತಣಿದಷ್ಟೂ ಸಾಂದ್ರವಾಗುತ್ತ ಹೋದರೆ ಸಿಹಿನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿರುತ್ತದೆ. ಅದಕ್ಕಿಂತ ತಣಿದ ನೀರು ಹಗುರಾಗಿ ಮೇಲೇರುತ್ತದೆ. ಹೀಗಾಗಿ ಕೆರೆ ಮೇಲಿನಿಂದ ಹೆಪ್ಪುಗಟ್ಟುತ್ತದೆ, ಗಡ್ಡೆ ತೇಲುತ್ತದೆ, ಅದೇ ಕಂಬಳಿಯಾಗಿ ತಳದ ನೀರನ್ನು ಕಾಯುತ್ತದೆ. ತಣ್ಣೀರಿಗೆ ಇನ್ನೊಂದು ಅನುಕೂಲವೂ ಇದೆ. ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರು ಹದಿನಾಲ್ಕು ಮಿಲಿಗ್ರಾಮಿಗೂ ಹೆಚ್ಚು ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯ ನೀರಿಗೆ ಹಿಡಿಯುವುದು ಏಳೂವರೆಯಷ್ಟು ಮಾತ್ರ.

ಆದರೆ ಆ ಕಂಬಳಿಯೇ ಕೆಲವೊಮ್ಮೆ ಮುಚ್ಚಳವಾಗುತ್ತದೆ. ಗಡ್ಡೆಯ ಮೇಲೆ ಹಿಮ ದಪ್ಪನಾಗಿ ಬಿದ್ದು ಕುಳಿತರೆ ಬೆಳಕು ಒಳಗಿಳಿಯುವುದಿಲ್ಲ. ಬೆಳಕಿಲ್ಲದೆ ಜಲಸಸ್ಯಗಳು ಆಮ್ಲಜನಕ ಉತ್ಪಾದಿಸುವುದಿಲ್ಲ. ಗಾಳಿಯ ಸಂಪರ್ಕವಂತೂ ಮೊದಲೇ ಕಡಿದಿರುತ್ತದೆ. ಅತ್ತ ತಳದಲ್ಲಿ ಕೊಳೆಯುತ್ತಿರುವ ಸೊಪ್ಪುಸದೆ ಇದ್ದಬದ್ದ ಆಮ್ಲಜನಕವನ್ನು ಹೀರುತ್ತಲೇ ಇರುತ್ತದೆ. ಆಳವಿಲ್ಲದ, ಹೂಳು ತುಂಬಿದ, ಗೊಬ್ಬರದ ಅಂಶ ಹೆಚ್ಚಾಗಿರುವ ಕೆರೆಗಳಲ್ಲಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಮೀನುಗಳು ಸಾಮೂಹಿಕವಾಗಿ ಸಾಯುತ್ತವೆ. ಚಳಿ ತಡೆಯಲಾರದೆ ಅಲ್ಲ, ಉಸಿರು ಕಟ್ಟಿ.

ಆಳವಿಲ್ಲದ, ಹೂಳು ತುಂಬಿದ, ಗೊಬ್ಬರದ ಅಂಶ ಹೆಚ್ಚಾದ ಕೆರೆ. ಈ ವಿವರಣೆಯನ್ನು ಕೇಳಿ ಮಿನ್ನೆಸೋಟವನ್ನೇ ನೆನೆಯಬೇಕಿಲ್ಲ. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯ ದಂಡೆಗೆ ಸಾವಿರಾರು ಸತ್ತ ಮೀನುಗಳು ತೇಲಿಬಂದು ಬಿದ್ದವು. ಎರಡನೇ ಕೆಂಪೇಗೌಡರ ಕಾಲದ್ದೆಂದು ಹೇಳಲಾಗುವ ಕೆರೆ ಅದು. ಒಂದು ಬದಿಗೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕ ನೆಲೆ, ಇನ್ನೊಂದು ಬದಿಗೆ ಗುರುದ್ವಾರ, ಕೂಗಳತೆಯಲ್ಲಿ ಸೋಮೇಶ್ವರನ ಗುಡಿ. ಹರಿಗೋಲು ಹಾಕಿ ಬಲೆ ಬೀಸುವವರು ಈ ಕೆರೆಯನ್ನು ನೆಚ್ಚಿ ಬದುಕಿದವರು. ಆ ದಿನ ದಡದಲ್ಲಿ ಬಿದ್ದದ್ದು ಅವರ ಒಂದು ಹಂಗಾಮಿನ ಅನ್ನ. ಕೊಳಚೆ ನೀರು ಸೇರಿ, ಬಿಸಿಲೇರಿ, ಆಮ್ಲಜನಕ ಕುಸಿದದ್ದೇ ಕಾರಣವೆಂದು ಆಗ ಹೇಳಲಾಯಿತು. ಹಲಸೂರಿನಲ್ಲಿ ಎಂದೂ ಹಿಮ ಬಿದ್ದದ್ದಿಲ್ಲ. ಆದರೆ ಕೆರೆಗೆ ಮುಚ್ಚಳ ಹಾಕಲು ಹಿಮವೇ ಬೀಳಬೇಕೆಂದೇನೂ ಇಲ್ಲ. ದಂಡುಪ್ರದೇಶದ ಬಡಾವಣೆಗಳಿಂದ ರಾಜಕಾಲುವೆಗಳಲ್ಲಿ ಹರಿದು ಬರುವ ಕೊಳಚೆ, ಅದನ್ನು ಉಂಡು ಕೊಬ್ಬುವ ಪಾಚಿ ಮತ್ತು ಜೊಂಡು ಸಾಕು.

ಇಂತಹ ದುರಂತಗಳು ಬೆಳಗಿನ ನಡಿಗೆಗೆ ಬಂದವರ ಕಣ್ಣಿಗೇ ಮೊದಲು ಬೀಳುವುದು ಆಕಸ್ಮಿಕವೇನಲ್ಲ. ಹಗಲೆಲ್ಲ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಅಳೆದರೆ ಕೆರೆ ಆರೋಗ್ಯವಾಗಿಯೇ ಕಾಣುತ್ತದೆ. ಕತ್ತಲಾದ ಮೇಲೆ ಅದೇ ಪಾಚಿ ಆಮ್ಲಜನಕ ಬಿಡುವುದನ್ನು ನಿಲ್ಲಿಸಿ, ಉಸಿರಾಟವನ್ನಷ್ಟೇ ಮುಂದುವರಿಸುತ್ತದೆ. ತಳದ ಕೊಳೆಯೂ ತನ್ನ ಪಾಲನ್ನು ಎಳೆದುಕೊಳ್ಳುತ್ತದೆ. ನಸುಕಿನ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಅತ್ಯಂತ ಕೆಳಗಿಳಿದಿರುತ್ತದೆ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಮೀನಿನ ಹಸಿವೂ ಹೆಚ್ಚು, ಉಸಿರಾಟವೂ ಹೆಚ್ಚು. ಒದಗುವ ಗಾಳಿಯೋ ಕಡಿಮೆ. ಮಂಜುಗಡ್ಡೆಯ ಕೆಳಗಿನ ಮೀನು ಕಡೆಯಪಕ್ಷ ತಣ್ಣಗೆ, ಮಿತವಾಗಿ ಉಸಿರಾಡಿಕೊಂಡು ವಾರಗಟ್ಟಲೆ ಕಾಲ ತಳ್ಳಬಲ್ಲದು. ನಮ್ಮ ಕಾಟ್ಲಾ, ರೋಹುಗಳಿಗೆ ಆ ಸವಲತ್ತಿಲ್ಲ. ಒಂದೇ ರಾತ್ರಿಯಲ್ಲಿ ಎಲ್ಲವೂ ಮುಗಿಯುತ್ತದೆ. ಬದುಕುಳಿಯುವುದು ನೀರಿನ ಮೇಲೆ ಬಾಯಿ ಚಾಚಿ ನೇರವಾಗಿ ಗಾಳಿಯನ್ನೇ ನುಂಗಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್‌ನಂತಹವು. ಸಾಕಬಾರದೆಂದು ನಿಷೇಧಿಸಲಾದ ಮೀನಿಗೆ ನಾವೇ ಹೀಗೆ ಕೆರೆಯನ್ನು ಹಸನು ಮಾಡಿಕೊಡುತ್ತೇವೆ.

ಬಿಳಿಯ ಕೆರೆಯೇನೋ ಬೆಂಗಳೂರಿನವರಿಗೆ ಹೊಸತಲ್ಲ. ಹಲಸೂರಿನ ಕೋಡಿ ನೀರು ಹರಿದು ಸೇರುವ ಕಣಿವೆಯ ಕೆಳಗೆ ಬೆಳ್ಳಂದೂರು ಕೆರೆ ವರ್ಷಗಟ್ಟಲೆ ನೊರೆ ಹೊದ್ದು ಮಲಗಿತ್ತು. ಗಾಳಿ ಬೀಸಿದರೆ ಆ ನೊರೆ ರಸ್ತೆಗೆ ಹಾರಿ ಬರುತ್ತಿತ್ತು. 2015ರ ಮೇ ತಿಂಗಳಲ್ಲಿ ಆ ಕೆರೆಯ ನೊರೆಗೆ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಮತ್ತೆ ಎದ್ದ ಬೆಂಕಿಯನ್ನು ಆರಿಸಲು ಸಾವಿರಾರು ಸೈನಿಕರು ಇಳಿಯಬೇಕಾಯಿತು. ನೀರಿಗೆ ಬೆಂಕಿ ಬೀಳುವುದೆಂದರೇನೆಂದು ಮಿನ್ನೆಸೋಟದ ಮೊಮ್ಮಗನಿಗೆ ಈ ತಾತ ವಿವರಿಸಬೇಕಾಗಿ ಬಂದರೆ, ಆಗ ದಿಗಿಲುಗೊಳ್ಳುವ ಸರದಿ ಅವನದು.

ಉಸಿರು ಕಟ್ಟುವ ಕೆರೆಗಳಿಗೆ ಅಲ್ಲಿಯೂ ಯಂತ್ರಗಳಿಂದ ಗಾಳಿ ಊದುತ್ತಾರೆ. ಗಾಳಿ ಊದಿದೆಡೆ ಗಡ್ಡೆ ತೆಳುವಾಗುವುದರಿಂದ ಸುತ್ತಲೂ ಎಚ್ಚರಿಕೆಯ ಫಲಕ ನೆಡುವುದು ಕಾನೂನಿನ ಕಡ್ಡಾಯ. ನಮ್ಮಲ್ಲಿಯೂ ಮೀನು ಸತ್ತ ಮರುದಿನ ಮೊದಲು ಕೇಳಿಬರುವ ಪರಿಹಾರ ಕಾರಂಜಿಯೇ. ಕಾರಂಜಿ ಬೇಡವೆಂದಲ್ಲ. ಆದರೆ ಅದು ರೋಗಿಯ ಮೂಗಿಗೆ ಹಿಡಿಯುವ ಆಮ್ಲಜನಕದ ನಳಿಕೆ. ಒಳಬರುವ ಕೊಳಚೆಯನ್ನು ಕಾಲುವೆಯ ಬಾಯಲ್ಲೇ ತಡೆದು ಬೇರೆಡೆ ತಿರುಗಿಸದೆ, ಹೂಳೆತ್ತದೆ, ನಳಿಕೆಯನ್ನಷ್ಟೇ ನಂಬಿ ಎಷ್ಟು ಬೇಸಿಗೆ ಕಳೆಯಬಹುದು? ಹಾಗೆ ನೋಡಿದರೆ ಗಣೇಶನ ಮೂರ್ತಿಗಳ ವಿಸರ್ಜನೆಗೆ ಕೆರೆಯ ಪಕ್ಕದಲ್ಲಿ ಪ್ರತ್ಯೇಕ ಕಲ್ಯಾಣಿ ಕಟ್ಟಿದಾಗ ನಗರ ಅದನ್ನು ಒಪ್ಪಿಕೊಂಡಿತು. ದೇವರನ್ನೇ ಕೆರೆಯಿಂದ ಪಕ್ಕಕ್ಕೆ ತಿರುಗಿಸಬಲ್ಲವರಿಗೆ ಚರಂಡಿಯನ್ನು ತಿರುಗಿಸುವುದು ಅಸಾಧ್ಯವಾಗಬಾರದು.

ನಮ್ಮಲ್ಲಿ ಅಳತೆಯೇ ಇಲ್ಲವೆಂದು ಹೇಳಲಾಗದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಗರದ ಕೆರೆಗಳ ನೀರನ್ನು ಪರೀಕ್ಷಿಸಿ, 'ಎ'ಯಿಂದ 'ಇ'ವರೆಗೆ ದರ್ಜೆ ನೀಡಿ ತಿಂಗಳ ಲೆಕ್ಕದಲ್ಲಿ ಪ್ರಕಟಿಸುತ್ತದೆ. ಮೀನು ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಬೇಕೆಂಬ ಮಾನದಂಡವೂ ಇದೆ. ಆದರೆ ಒಂದೇ ರಾತ್ರಿಯಲ್ಲಿ ಮುಗಿದುಹೋಗುವ ಕಥೆಯನ್ನು ತಿಂಗಳಿಗೊಮ್ಮೆ ತೆಗೆದ ಬಾಟಲಿ ನೀರು ಹೇಳಲಾರದು. ಕೈಯಲ್ಲಿ ಹಿಡಿದೊಯ್ಯಬಹುದಾದ ಮಾಪಕವೊಂದು ಕೆಲವೇ ನಿಮಿಷಗಳಲ್ಲಿ ಆ ಅಂಕಿಯನ್ನು ತೋರಿಸುತ್ತದೆ. ಮಿಲ್ ಲ್ಯಾಕ್ಸ್‌ಗೆ ಹೊರಟವನು ಮೊದಲು ವಿಚಾರಿಸುವುದು ಇಂದು ಗಡ್ಡೆ ಎಷ್ಟು ಅಂಗುಲವಿದೆ ಎಂದು. ಹಲಸೂರು ಕೆರೆಯ ನಡಿಗೆ ಪಥದ ಬಾಗಿಲಲ್ಲಿ ಒಂದು ಕರಿಹಲಗೆ ತೂಗುಹಾಕಿ, ಫೆಬ್ರುವರಿಯಿಂದ ಜೂನ್‌ವರೆಗೆ ದಿನವೂ ಸೂರ್ಯೋದಯಕ್ಕೆ ಮುನ್ನ ಅಳೆದ ಆಮ್ಲಜನಕದ ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆದಿಡಲು ಒಬ್ಬ ನೌಕರ, ಒಂದು ಮಾಪಕ ಮತ್ತು ಒಂದು ಹರಿಗೋಲು ಸಾಕು. ಅಂಕಿ ನಾಲ್ಕಕ್ಕಿಂತ ಕೆಳಗಿಳಿದ ದಿನ ಯಾರಿಗೆ ಫೋನು ಮಾಡಬೇಕೆಂಬುದನ್ನು ಅದೇ ಹಲಗೆಯ ಕೆಳಗೆ ಬರೆದಿರಲಿ.