ಗೋಡೆ ಮೇಲಿನ ಎಲೆ, ಮನಸ್ಸಿನೊಳಗಿನ ಅಳತೆ

ಆಸ್ಪತ್ರೆ ಗೋಡೆ ಮೇಲೆ ಎಲೆ-ಬಳ್ಳಿಯ ಚಿತ್ತಾರ ಬಿಡಿಸಿದ್ದಾರೆ. ನೋಡಿದವರಿಗೆ ನಿಜಕ್ಕೂ ಹಾಯೆನಿಸಿತಾ? ತಿಳಿಯೋದು ಹೇಗೆ?

'ಚೆನ್ನಾಗಿದೆಯಾ?' ಅಂತ ಕೇಳಿದರೆ ಎಷ್ಟೋ ಜನ ಮುಲಾಜಿಗೆ ಹೂಂ ಅಂದುಬಿಡ್ತಾರೆ. ಅದಕ್ಕೇ ನನಗೆ 'ಸ್ಯಾಮ್' ಅನ್ನೋ ಚಿತ್ರಪಟ್ಟಿ ತುಂಬ ಇಷ್ಟ. ಮನಶ್ಶಾಸ್ತ್ರಜ್ಞರಾದ ಬ್ರಾಡ್ಲಿ ಮತ್ತು ಲ್ಯಾಂಗ್ 1994ರ ಲೇಖನದಲ್ಲಿ ಇದನ್ನು ವಿವರಿಸಿದ್ದಾರೆ. ಮೂರು ಸಾಲು ಪುಟ್ಟ ಗೊಂಬೆಗಳು, ಅಷ್ಟೇ. ಮೊದಲ ಸಾಲು ನಗುಮುಖದಿಂದ ಸಪ್ಪೆ ಮುಖದವರೆಗೆ. ಎರಡನೆಯದರಲ್ಲಿ ಗೊಂಬೆಯ ಹೊಟ್ಟೆಯೊಳಗೇ ಒಂದು ಸ್ಫೋಟ! ಅದು ಕುಗ್ಗುತ್ತಾ ಹೋಗಿ, ಕೊನೆಯ ಗೊಂಬೆ ಕಣ್ಣು ಮುಚ್ಚಿ ನಿಂತಿರುತ್ತೆ: ಉದ್ವೇಗದಿಂದ ನೆಮ್ಮದಿಯವರೆಗೆ. ಮೂರನೆಯದರಲ್ಲಿ ಗೊಂಬೆ ಚಿಕ್ಕದರಿಂದ ದೊಡ್ಡದಾಗುತ್ತೆ: ಎಲ್ಲ ನನ್ನ ಹಿಡಿತದಲ್ಲಿದೆಯಾ ಅನ್ನೋ ಭಾವ. ನಿಮಗೆ ಹೊಂದುವ ಗೊಂಬೆಗೆ ಗುರುತು ಹಾಕಿ. ಓದು ಬಾರದ ಅಜ್ಜಿಗೂ ಇದು ಸಾಧ್ಯ.

ಆ ಎರಡನೇ ಸಾಲನ್ನು ಬಿಡಲೇಬಾರದು. ಖುಷಿ ಬೇರೆ, ನೆಮ್ಮದಿ ಬೇರೆ. ಧುಮ್ಮಿಕ್ಕುವ ಜಲಪಾತದ ಚಿತ್ರ ಮೈ ಜುಮ್ಮೆನಿಸಬಹುದು; ಆಪರೇಷನ್‌ಗೆ ಕಾಯ್ತಿರೋರಿಗೆ ಬೇಕಾದ್ದು ಅದಲ್ಲ.

ಹೋಲಿಕೆಗೆ ಖಾಲಿ ಗೋಡೆಯನ್ನೂ ತೋರಿಸಿ. ಯಾವುದು ಮೊದಲು ಅನ್ನೋದು ಜನರಿಂದ ಜನರಿಗೆ ಅದಲುಬದಲಾಗಲಿ. ಪ್ರಶ್ನೆಯಲ್ಲೇ 'ಹಿತವಾದ ಚಿತ್ರ' ಅಂತ ಬರೆದರೆ ಉತ್ತರವನ್ನು ನಾವೇ ಹೇಳಿಕೊಟ್ಟ ಹಾಗಾಗುತ್ತೆ.