ಅಂಗನವಾಡಿ ಗೌರವಧನ: ನಮಗೆ ಗೊತ್ತಿರಬೇಕಾದ ಲೆಕ್ಕ



ಸಂಘದ ಸಭೆಗಳಿಗೆ ಬಂದಾಗ ನಾವು ಆಗಾಗ ಕೇಳುವ ಮಾತೊಂದಿದೆ: "ಟೀಚರಮ್ಮನಿಗೇನು ಬಿಡಿ, ಸರ್ಕಾರಿ ಕೆಲಸ, ಕೈತುಂಬ ಸಂಬಳ." ಈ ಮಾತು ಕೇಳಿ ಅಲ್ಲೇ ಕೂತಿರುವ ಅಂಗನವಾಡಿ ಕಾರ್ಯಕರ್ತೆ ಸುಮ್ಮನೆ ನಗುತ್ತಾಳೆ. ಅಡುಗೆ ಮಾಡಿ, ಮಕ್ಕಳ ಮೂಗು ಒರೆಸಿ ಮನೆಗೆ ಹೋಗುವ ಸಹಾಯಕಿಯಂತೂ ಮಾತೇ ಆಡೋದಿಲ್ಲ. ನಮ್ಮ ಸಂಘಗಳಲ್ಲಿ ಇವರಿಬ್ಬರೂ ಸದಸ್ಯೆಯರಾಗಿದ್ದಾರೆ. 2000ದ ನಂತರ ರಾಜ್ಯದಲ್ಲಿ ಸ್ತ್ರೀಶಕ್ತಿ ಗುಂಪುಗಳನ್ನು ಮನೆ ಮನೆಗೆ ಹೋಗಿ ಕಟ್ಟಿದವರೂ ಅಂಗನವಾಡಿ ಕಾರ್ಯಕರ್ತೆಯರೇ. ಹಾಗಾಗಿ ಅವರಿಗೆ ಏನು ಸಿಗುತ್ತೆ, ಏನು ಸಿಗಬೇಕು ಅಂತ ನಾವೆಲ್ಲರೂ ತಿಳಿದಿರಬೇಕು.

ಸಂಬಳ ಅಲ್ಲ, ಗೌರವಧನ

ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಊರಿನ ಹೆಣ್ಣುಮಕ್ಕಳು ಬಿಡುವಿನಲ್ಲಿ ಮಾಡುವ ಸೇವೆ ಇದು ಎಂದು ಆಗ ಭಾವಿಸಲಾಗಿತ್ತು. ಅದಕ್ಕೇ ಕೊಡುವ ಹಣಕ್ಕೆ 'ಗೌರವಧನ' ಎಂದು ಹೆಸರಿಟ್ಟರು. ಕೆಲಸ ಬೆಳೆಯಿತು, ರಿಜಿಸ್ಟರುಗಳು ಬೆಳೆದವು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಬಂತು. ಹೆಸರು ಮಾತ್ರ ಬದಲಾಗಲಿಲ್ಲ.

ಆ ಒಂದು ಹೆಸರಿನಿಂದ ಆಗುವ ವ್ಯತ್ಯಾಸ ದೊಡ್ಡದು. ಸರ್ಕಾರಿ ನೌಕರರಿಗೆ ಇರುವ ವೇತನ ಶ್ರೇಣಿ, ತುಟ್ಟಿಭತ್ಯೆ ಇವರಿಗೆ ಇಲ್ಲ. ನಮ್ಮ ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆ ಅಲ್ಲ ಎಂದು ಹೇಳಿತು.

ಹಣ ಎಲ್ಲಿಂದ ಬರುತ್ತೆ?

ಎರಡು ಕಡೆಯಿಂದ. ಮೊದಲನೆಯದು ಕೇಂದ್ರ ನಿಗದಿ ಮಾಡಿದ ಮೊತ್ತ. 2018ರ ಅಕ್ಟೋಬರ್ 1ರಿಂದ ಇದನ್ನು ಕಾರ್ಯಕರ್ತೆಗೆ ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ, ಸಹಾಯಕಿಗೆ 1,500ರಿಂದ 2,250ಕ್ಕೆ ಏರಿಸಲಾಯಿತು. ಈ ಮೊತ್ತವನ್ನೂ ಕೇಂದ್ರ ಪೂರ್ತಿ ಕೊಡುವುದಿಲ್ಲ. ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಅಂದರೆ 4,500ರಲ್ಲಿ ಕೇಂದ್ರದ ಪಾಲು 2,700, ರಾಜ್ಯದ ಪಾಲು 1,800. ಇದರ ಜೊತೆಗೆ ಕೆಲಸ ನೋಡಿ ಕೊಡುವ ಪ್ರೋತ್ಸಾಹಧನ ಕಾರ್ಯಕರ್ತೆಗೆ 500, ಸಹಾಯಕಿಗೆ 250 ರೂಪಾಯಿ.

ಎರಡನೆಯದು, ರಾಜ್ಯ ಸರ್ಕಾರ ತನ್ನ ಬಜೆಟ್‌ನಿಂದ ಸೇರಿಸುವ ಹೆಚ್ಚುವರಿ ಮೊತ್ತ. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದ 2025-26ರ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಏರಿಕೆ ಘೋಷಿಸಲಾಯಿತು. ಆದ್ದರಿಂದ ದೆಹಲಿಯಲ್ಲಿ ಏರಿಕೆ ಆಗದಿದ್ದರೂ ಬೆಂಗಳೂರಿನಲ್ಲಿ ಆಗಬಹುದು. ಯಾರನ್ನು ಕೇಳಬೇಕು ಅಂತ ತಿಳಿಯಲು ಈ ಎರಡು ಪಾಲಿನ ಲೆಕ್ಕ ಗೊತ್ತಿರಬೇಕು.

2022ರ ತೀರ್ಪು

2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟು ಗುಜರಾತಿನ ಕಾರ್ಯಕರ್ತೆಯರ ಪ್ರಕರಣದಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿತು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅಂಗನವಾಡಿ ಕೆಲಸ ಕಾನೂನು ಹೊರಿಸಿದ ಜವಾಬ್ದಾರಿಯಾಗಿದೆ, ಗೌರವಧನ ಎಂದು ಕರೆದರೂ ಅದು ದುಡಿಮೆಗೆ ಕೊಡುವ ವೇತನವೇ, ಆದ್ದರಿಂದ 1972ರ ಗ್ರಾಚ್ಯುಟಿ ಕಾಯ್ದೆ ಕಾರ್ಯಕರ್ತೆ ಮತ್ತು ಸಹಾಯಕಿ ಇಬ್ಬರಿಗೂ ಅನ್ವಯಿಸುತ್ತೆ ಎಂದಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 15 ದಿನದ ಲೆಕ್ಕ ಅದರಲ್ಲೂ ಇದೆ.

ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಒಟ್ಟಿಗೆ ಕೈಗೆ ಬರುವ ಹಣ. ಸಾಮಾನ್ಯವಾಗಿ 5 ವರ್ಷ ಸೇವೆ ಆಗಿರಬೇಕು. ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ 5 ವರ್ಷದ ಷರತ್ತಿಲ್ಲ, ಹಣ ನಾಮಿನಿಗೆ ಸೇರುತ್ತೆ.

ಲೆಕ್ಕ ಹೀಗೆ: ಕೊನೆಯ ತಿಂಗಳ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಸುಲಭವಾಗಲಿ ಅಂತ ತಿಂಗಳಿಗೆ 10,400 ಎಂದುಕೊಳ್ಳೋಣ. ದಿನಕ್ಕೆ 400 ಆಯಿತು. 15 ದಿನಕ್ಕೆ 6,000. ಇಪ್ಪತ್ತು ವರ್ಷ ದುಡಿದಿದ್ದರೆ 1,20,000 ರೂಪಾಯಿ. ಇಳಿವಯಸ್ಸಿನಲ್ಲಿ ಮಗನ ಮುಂದೆಯೋ ಸೊಸೆಯ ಮುಂದೆಯೋ ಕೈಚಾಚದೆ ಬದುಕಲು ಈ ಹಣ ಸಣ್ಣದಲ್ಲ.

ಇನ್ನೇನು ಸೌಲಭ್ಯ ಇದೆ?

* ಹೆರಿಗೆಗೆ ಗೌರವಧನ ಸಹಿತ 180 ದಿನ ರಜೆ, ವರ್ಷಕ್ಕೆ 20 ದಿನ ರಜೆ.
* ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆಗಳಲ್ಲಿ, ವಯಸ್ಸಿನ ಮಿತಿಯೊಳಗಿನವರಿಗೆ ತಲಾ 2 ಲಕ್ಷ ರೂಪಾಯಿ. ಮೊದಲನೆಯದು ಯಾವುದೇ ಕಾರಣದ ಸಾವಿಗೆ, ಎರಡನೆಯದು ಅಪಘಾತಕ್ಕೆ.
* 2024ರ ಮಧ್ಯಂತರ ಬಜೆಟ್‌ನಲ್ಲಿ ಆಯುಷ್ಮಾನ್ ಭಾರತ್ ಚಿಕಿತ್ಸಾ ಸೌಲಭ್ಯವನ್ನು ಎಲ್ಲ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ವಿಸ್ತರಿಸಲಾಯಿತು.

ಕಾಗದ ಜೋಪಾನ

ಹಕ್ಕು ಇದ್ದರೂ ಕಾಗದ ಇಲ್ಲದಿದ್ದರೆ ಕಚೇರಿಗೆ ಅಲೆದು ಚಪ್ಪಲಿ ಸವೆಯುತ್ತೆ ಅಷ್ಟೆ. ಒಂದು ಫೈಲಿನಲ್ಲಿ ಇವನ್ನು ಜೋಡಿಸಿಡಿ:

1. ನೇಮಕಾತಿ ಆದೇಶ, ಕೆಲಸಕ್ಕೆ ಸೇರಿದ ದಿನಾಂಕದ ದಾಖಲೆ. ಸಹಾಯಕಿಯಿಂದ ಕಾರ್ಯಕರ್ತೆ ಆಗಿದ್ದರೆ ಎರಡೂ ಆದೇಶ.
2. ಹುಟ್ಟಿದ ದಿನಾಂಕದ ದಾಖಲೆ. ಆಧಾರ್, ಪಾಸ್‌ಬುಕ್, ಆದೇಶ, ಮೂರರಲ್ಲೂ ಹೆಸರು ಒಂದೇ ಇರಲಿ.
3. ಗೌರವಧನ ಜಮಾ ಆದ ಬ್ಯಾಂಕ್ ಪಾಸ್‌ಬುಕ್ಕುಗಳು. ತುಂಬಿದ ಹಳೆಯ ಪುಸ್ತಕ ಒಲೆಗೆ ಹಾಕಬೇಡಿ.
4. ನಾಮಿನಿ ಯಾರು ಎಂದು ಬರೆದುಕೊಟ್ಟ ಅರ್ಜಿಯ ನಕಲು.

ಗೌರವಧನ ತಡವಾದರೆ ಅಥವಾ ಗ್ರಾಚ್ಯುಟಿ ಬರದಿದ್ದರೆ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಸಿಡಿಪಿಒ ಕಚೇರಿಗೆ ಅರ್ಜಿ ಬರೆದು, ನಕಲಿನ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಈಗಾಗಲೇ ನಿವೃತ್ತರಾದವರೂ ತಮಗೆ ಎಷ್ಟು ಬರಬೇಕು ಎಂದು ಲಿಖಿತವಾಗಿ ಕೇಳಬೇಕು. ಗ್ರಾಚ್ಯುಟಿ ವಿಷಯದಲ್ಲಿ ಉತ್ತರ ಸಿಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಬಹುದು.

ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡೋಣ. ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ನಮ್ಮೂರ ಸಹಾಯಕಿಯನ್ನು ಕೇಳೋಣ: "ಅಕ್ಕಾ, ನಿಮ್ಮ ನೇಮಕಾತಿ ಆದೇಶ ಎಲ್ಲಿದೆ?" ಕಾಗದ ಇಲ್ಲದಿದ್ದರೆ ಅರ್ಜಿ ಬರೆಯಲು ಕೂತುಕೊಳ್ಳೋಣ. ನಮ್ಮ ಮಕ್ಕಳಿಗೆ ಮೊದಲ ಅಕ್ಷರ, ಮಧ್ಯಾಹ್ನದ ಊಟ ಕೊಟ್ಟ ಕೈಗಳಿಗೆ ಇಷ್ಟಾದರೂ ಮಾಡುವುದು ನಮ್ಮ ಕರ್ತವ್ಯ.