ಮಡಿವಾಳ ಹಕ್ಕಿಯ ವಿದ್ಯಾಭ್ಯಾಸ

ಹೈದರ್ ಆಲಿಯು 1760ರಲ್ಲಿ ಅಸ್ತಿಭಾರ ಹಾಕಿದ ಲಾಲ್‌ಬಾಗು ಇಂದು ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿ, ಸುತ್ತಣ ಬೀದಿಗಳ ವಾಹನಘೋಷದಿಂದ ಆವೃತವಾಗಿದ್ದರೂ, ಚೈತ್ರ ವೈಶಾಖಗಳ ಬೆಳಗಿನಲ್ಲಿ ಅಲ್ಲಿ ಸುತ್ತಾಡುವವರ ಕಿವಿಗೆ ಮಡಿವಾಳ ಹಕ್ಕಿಯ ಇಂಪಾದ ಸಿಳ್ಳು ಬೀಳದೆ ಇರದು. ಗಂಡಿನ ಮೈ ಮಿರುಗುವ ಕಪ್ಪು ಮತ್ತು ಅಚ್ಚ ಬಿಳುಪು. ಹೆಣ್ಣಿನಲ್ಲಿ ಆ ಕಪ್ಪಿನ ಸ್ಥಾನದಲ್ಲಿ ಬೂದುಬಣ್ಣ. ಮರದ ಪೊಟರೆಯಲ್ಲೋ ಹಳೆಯ ಗೋಡೆಯ ಸಂದಿನಲ್ಲೋ ಇಟ್ಟ ನಾಲ್ಕೈದು ಮೊಟ್ಟೆಗಳಿಗೆ ಕಾವು ಕೊಡುವ ಕಾರ್ಯ ತಾಯಿಯದು. ಮರಿಗಳಿಗೆ ಉಣಿಸುವ ಹೊಣೆ ಮಾತ್ರ ದಂಪತಿಗಳಿಬ್ಬರದು.

ನಿಂತು ನೋಡಬೇಕಾದ ನೋಟವೆಂದರೆ ಗೂಡು ಬಿಟ್ಟ ಮರಿಯದು. ಎದೆಯ ತುಂಬ ಮಾಸಲು ಚುಕ್ಕೆ, ಇನ್ನೂ ಬೆಳೆಯದ ಮೋಟು ಬಾಲ. ಪೊದೆಯ ಬುಡದಲ್ಲಿ ಕುಳಿತು ಬಾಯ್ದೆರೆದು ರೆಕ್ಕೆಯನ್ನು ಪಟಪಟನೆ ನಡುಗಿಸುತ್ತ ಅದು ಬೇಡುತ್ತಿರುತ್ತದೆ. ಗೂಡಿನಲ್ಲಿದ್ದಾಗ ಗಂಟಲೊಳಕ್ಕೇ ಹುಳುವನ್ನು ತುರುಕುತ್ತಿದ್ದ ಆ ತಂದೆಯೇ ಈಗ ಕೊಕ್ಕಿನಲ್ಲಿ ಎರೆಹುಳುವನ್ನು ಹಿಡಿದು ಎರಡು ಮಾರು ದೂರದಲ್ಲಿ ನಿಂತುಬಿಡುತ್ತಾನೆ. ಮರಿ ಕುಪ್ಪಳಿಸಿ ಸಮೀಪಿಸಿದರೆ ಮತ್ತೊಂದು ಗೇಣು ಸರಿಯುತ್ತಾನೆ. ಕಡೆಗೆ ಕೊಟ್ಟು, ಒಡನೆಯೇ ತರಗೆಲೆಯನ್ನು ಕೆದರಿ ಇನ್ನೊಂದನ್ನು ಹೆಕ್ಕುತ್ತಾನೆ. ಮರಿಯೂ ಎಲೆಯೊಂದನ್ನು ಕುಕ್ಕುತ್ತದೆ, ಕಡ್ಡಿಯನ್ನು ಹುಳುವೆಂದೆಣಿಸಿ ಎತ್ತಿ ಬಿಸಾಡುತ್ತದೆ, ಪುನಃ ಬಾಯ್ದೆರೆಯುತ್ತದೆ. ಪಿತೃವಾತ್ಸಲ್ಯದ ಅತ್ಯಂತ ಕಠಿಣವಾದ ಭಾಗವು ಕೊಡುವುದರಲ್ಲಿಲ್ಲ, ಕೊಡಬಲ್ಲವನು ಕ್ಷಣಕಾಲ ತಡೆಯುವುದರಲ್ಲಿದೆ ಎಂದು ನನಗೆ ಮನವರಿಕೆಯಾದದ್ದು ಈ ಹಕ್ಕಿಯನ್ನು ನೋಡಿದ ಮೇಲೆ.

ಇದನ್ನು ಬೋಧನೆಯೆನ್ನಬಹುದೆ? ಶಾಸ್ತ್ರಜ್ಞರು ಈ ಶಬ್ದವನ್ನು ಸುಲಭವಾಗಿ ಬಿಟ್ಟುಕೊಡುವವರಲ್ಲ. ಅರಿಯದವನ ಎದುರಿನಲ್ಲಿ ಮಾತ್ರ ಅರಿತವನು ತನ್ನ ನಡೆಯನ್ನು ಬದಲಿಸಬೇಕು, ಅದರಿಂದ ಅವನಿಗೆ ತತ್‌ಕ್ಷಣದ ಲಾಭವಿರಬಾರದು, ಅರಿಯದವನು ಅದರ ಫಲವಾಗಿ ಶೀಘ್ರವಾಗಿ ಕಲಿಯಬೇಕು ಎಂಬ ನಿಕಷವನ್ನು ಕ್ಯಾರೊ ಮತ್ತು ಹೌಸರ್ ಎಂಬಿಬ್ಬರು 1992ರಲ್ಲಿ ಮುಂದಿಟ್ಟರು. ಅದರಲ್ಲಿ ಗೆದ್ದ ಕೆಲವೇ ಜೀವಿಗಳಲ್ಲಿ ನಮ್ಮ ಹರಟೆಮಲ್ಲನ ಬಂಧುವಾದ ದಕ್ಷಿಣ ಆಫ್ರಿಕದ ಹಕ್ಕಿಯೊಂದಿದೆ: ಉಣಿಸುವಾಗಲೆಲ್ಲ ಅದು ಒಂದು ವಿಶಿಷ್ಟ ಸ್ವರವನ್ನು ಹೊರಡಿಸಿ, ಸ್ವರವೆಂದರೆ ಆಹಾರವೆಂಬ ನಂಟನ್ನು ಗೂಡಿನಲ್ಲೇ ಬೆಸೆದು, ಮುಂದೆ ಅದೇ ಸ್ವರದಿಂದ ಮರಿಗಳನ್ನು ಬೇಕಾದೆಡೆಗೆ ಕರೆದೊಯ್ಯುತ್ತದೆ.

ಹಾರಾಟವನ್ನಂತೂ ಯಾವ ಹಕ್ಕಿಯೂ ಕಲಿಸಬೇಕಾದುದಿಲ್ಲ. 1870ರ ದಶಕದಲ್ಲಿ ಡಗ್ಲಸ್ ಸ್ಪಾಲ್ಡಿಂಗ್ ಎಂಬ ಆಂಗ್ಲ ವಿದ್ವಾಂಸನು ಕವಲುತೋಕೆಯ ಮರಿಗಳನ್ನು ರೆಕ್ಕೆ ಬಿಚ್ಚಲಾಗದ ಇಕ್ಕಟ್ಟಿನಲ್ಲಿರಿಸಿ ಬೆಳೆಸಿ, ವಯಸ್ಸಿಗೆ ಬಂದಾಗ ಬಿಟ್ಟನು. ಅವು ಹಾರಿಯೇ ಹೋದವು. ಭಯದ ವಿಷಯ ಬೇರೆ. ಜರ್ಮನಿಯ ಕೂರಿಯೊ ಎಂಬವರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಹಕ್ಕಿಗೆ ಗೂಬೆ ಕಾಣುವಂತೆಯೂ, ಅದರ ಕೂಗಾಟವನ್ನು ಕೇಳುತ್ತಿದ್ದ ಇನ್ನೊಂದಕ್ಕೆ ಅದೇ ಸಮಯದಲ್ಲಿ ನಿರುಪದ್ರವಿಯಾದ ಆಸ್ಟ್ರೇಲಿಯದ ಪಕ್ಷಿ ಮಾತ್ರ ಕಾಣುವಂತೆಯೂ ಏರ್ಪಡಿಸಲಾಗಿತ್ತು. ಎರಡನೆಯದು ಆ ಸಾಧುವನ್ನೇ ವೈರಿಯೆಂದು ಬಗೆದುದಷ್ಟೇ ಅಲ್ಲ, ತಾನು ಕಲಿತುದನ್ನು ಮುಂದಿನದಕ್ಕೂ ದಾಟಿಸಿತು; ಹೀಗೆ ಪ್ಲಾಸ್ಟಿಕ್ ಸೀಸೆಯೊಂದರ ಮೇಲೂ ಹಗೆ ಹುಟ್ಟಿಸುವುದು ಸಾಧ್ಯವಾಯಿತು. ಹಗಲಿನಲ್ಲಿ ಹಾಲಕ್ಕಿಯೆಂಬ ಪುಟ್ಟ ಗೂಬೆಯನ್ನು ಮುತ್ತಿ ಸಣ್ಣ ಹಕ್ಕಿಗಳು ರೇಗುವಾಗ ಎಳೆಯ ಮರಿಗಳಿಗೆ ದೊರೆಯುವ ಪಾಠದ ಬೆಲೆಯೇನೆಂಬುದನ್ನು ಇದರಿಂದ ಊಹಿಸಬಹುದು. ಹಾಡೂ ಕಲಿತು ಬರುವ ವಿದ್ಯೆಯೇ: ಕೇಂಬ್ರಿಜ್ಜಿನ ಥಾರ್ಪ್ 1950ರ ದಶಕದಲ್ಲಿ ತೋರಿಸಿಕೊಟ್ಟಂತೆ, ಹಿರಿಯರ ಗಾನವನ್ನು ಕೇಳದೆ ಬೆಳೆದ ಚಾಫಿಂಚ್ ಹಕ್ಕಿಯ ಹಾಡು ಅಪೂರ್ಣವಾಗಿಯೇ ಉಳಿಯುತ್ತದೆ.

ಇಷ್ಟು ಶಿಕ್ಷಣಕ್ಕೆಲ್ಲ ಬೇಕಾದುದು ತರಗೆಲೆ ಮತ್ತು ದಟ್ಟವಾದ ಪೊದೆ. ಉದ್ಯಾನವೆಂದರೆ ನುಣ್ಣಗೆ ಗುಡಿಸಿದ ನೆಲವೆಂಬ ನಮ್ಮ ಭಾವನೆ ಇಲ್ಲಿ ಅನರ್ಥಕಾರಿ. ಎಲೆಯನ್ನು ಒಟ್ಟಿ ಸುಟ್ಟಲ್ಲಿ ಹುಳುವಿಲ್ಲ, ಹುಳುವಿಲ್ಲದಲ್ಲಿ ಮರಿಗೆ ಕೆದರಿ ಕಲಿಯಲು ಏನೂ ಇಲ್ಲ. ಮೂಲೆಮೂಲೆಗಳಲ್ಲಾದರೂ ತರಗೆಲೆಯನ್ನು ಕೊಳೆಯಲು ಬಿಡಬೇಕು.

ದಯಾಳುಗಳಾದ ವಾಯುವಿಹಾರಿಗಳು ನೆಲದ ಮೇಲೆ ಕಂಡ ಮರಿಯನ್ನು ಅನಾಥವೆಂದು ತಿಳಿದು ಮನೆಗೆ ಒಯ್ಯುವುದುಂಟು. ಮೈತುಂಬ ಗರಿ ಮೂಡಿ ಕುಪ್ಪಳಿಸುತ್ತಿರುವ ಮರಿಯಾದರೆ ಅದು ಬಿದ್ದದ್ದಲ್ಲ, ಇಳಿದದ್ದು. ತಂದೆತಾಯಿಗಳು ಹತ್ತಿರದಲ್ಲೇ ಇದ್ದು, ನಾವು ತೊಲಗಲೆಂದು ಕಾಯುತ್ತಿರುತ್ತವೆ. ನಾಯಿ ಬೆಕ್ಕುಗಳ ಹಾವಳಿಯಿದ್ದರೆ ಮೆಲ್ಲನೆ ಎತ್ತಿ ಹತ್ತಿರದ ಪೊದೆಯ ಕೊಂಬೆಯಲ್ಲಿ ಕೂರಿಸಿ ದೂರ ಸರಿಯಬಹುದು. ಮನುಷ್ಯ ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸುವುದಿಲ್ಲವೆಂಬ ಮಾತಿಗೆ ಆಧಾರವಿಲ್ಲ. ಮರಿಯ ಕೂಗು ಕೇಳಿದೊಡನೆ ಅದು ಹುಳು ಕಚ್ಚಿಕೊಂಡು ಬರುತ್ತದೆ.